ಮನುಷ್ಯರ ರಕ್ತದ ಪ್ರೋಟೀನು, ಆದರೆ ಮನುಷ್ಯರಿಗೆ ಕೊಡುವಂತಿಲ್ಲ

ನಮ್ಮ ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ರಕ್ತದಾನ ಶಿಬಿರ ಹೊಸತೇನಲ್ಲ. ಕೊಟ್ಟ ರಕ್ತ ಅಪಘಾತಕ್ಕೆ, ಹೆರಿಗೆಗೆ ಆಗುತ್ತದೆ ಅಂತ ಎಲ್ಲರಿಗೂ ಗೊತ್ತು. ಅದರಿಂದ ಬೇರೆ ಮಾಡಿದ ಹಳದಿ ನೀರು, ಅಂದರೆ ಪ್ಲಾಸ್ಮಾ, ಮಿಕ್ಕಿದರೆ ಕಾರ್ಖಾನೆಗೂ ಹೋಗಬಹುದು ಅಂತ ಶಿಬಿರದಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಹೇಳಬೇಕಿತ್ತು.

ಪ್ಲಾಸ್ಮಾದಲ್ಲಿ ಎಲ್ಲಕ್ಕಿಂತ ಜಾಸ್ತಿ ಇರುವ ಪ್ರೋಟೀನು ಆಲ್ಬುಮಿನ್. ಇದೇ ಶುದ್ಧವಾಗಿ, ಪುಡಿಯಾಗಿ, ಸಣ್ಣ ಶೀಶೆಯಲ್ಲಿ ಲ್ಯಾಬಿಗೂ ಬರುತ್ತದೆ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿ ಓದುವವರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ಶೀಶೆಯ ಮೇಲೆ ‘ಸಂಶೋಧನೆಗೆ ಮಾತ್ರ’ ಅಂತ ಇರುತ್ತದೆ. ವಿಚಿತ್ರ ಅಲ್ವಾ?

ಕಥೆ ಶುರುವಾಗುವುದು ಎರಡನೇ ಮಹಾಯುದ್ಧದಲ್ಲಿ. ಗಾಯಗೊಂಡ ಸೈನಿಕರಿಗೆ ರಕ್ತ ಬೇಕು, ಆದರೆ ರಕ್ತ ಬೇಗ ಕೆಡುತ್ತದೆ. ಹಾರ್ವರ್ಡಿನ ವಿಜ್ಞಾನಿ ಎಡ್ವಿನ್ ಕೋನ್ ಪ್ಲಾಸ್ಮಾವನ್ನು ತಣ್ಣಗಿಟ್ಟು, ಆಲ್ಕೋಹಾಲ್ ಮತ್ತು ಆಮ್ಲದ ಪ್ರಮಾಣವನ್ನು ಹಂತಹಂತವಾಗಿ ಬದಲಿಸುತ್ತಾ ಒಂದೊಂದೇ ಪ್ರೋಟೀನನ್ನು ಗಟ್ಟಿ ಮಾಡಿ ತೆಗೆದರು. ಐದನೇ ಪಾಲಿನಲ್ಲಿ ಸಿಕ್ಕಿದ್ದು ಆಲ್ಬುಮಿನ್. 25 ಗ್ರಾಂ ಆಲ್ಬುಮಿನ್ ಇರುವ 100 ಮಿಲಿ ದ್ರಾವಣ ಸುಮಾರು ಅರ್ಧ ಲೀಟರ್ ಪ್ಲಾಸ್ಮಾದ ಕೆಲಸ ಮಾಡುತ್ತಿತ್ತು. 1941ರ ಡಿಸೆಂಬರಿನಲ್ಲಿ ಪರ್ಲ್ ಹಾರ್ಬರ್ ಮೇಲೆ ದಾಳಿಯಾದಾಗ ಸುಟ್ಟಗಾಯದವರಿಗೆ ಇದನ್ನು ಕೊಟ್ಟರು. ದನದ ಆಲ್ಬುಮಿನನ್ನೂ ಕೋನ್ ನೋಡಿದ್ದರು. ಮನುಷ್ಯರ ಮೈಗೆ ಅದು ಒಗ್ಗಲಿಲ್ಲ. ಇವತ್ತು ಲ್ಯಾಬಿನಲ್ಲಿ ಬಹಳಷ್ಟು ಕೆಲಸಕ್ಕೆ ಬಳಸುವುದು ಆ ದನದ್ದನ್ನೇ, ಅಗ್ಗ ನೋಡಿ.

ಆಮೇಲೆ ಬಂತು ಸೋಂಕಿನ ಭಯ. ನೂರಾರು ಜನರ ಪ್ಲಾಸ್ಮಾ ಬೆರೆಸಿದರೆ ಒಬ್ಬರ ಕಾಮಾಲೆ ಎಲ್ಲರಿಗೂ ಹರಡಬಹುದು. ಅದಕ್ಕೆ 60 ಡಿಗ್ರಿಯಲ್ಲಿ 10 ಗಂಟೆ ಬಿಸಿ ಮಾಡುವ ಪದ್ಧತಿ ಬಂತು. ಸುಮ್ನೆ ಬಿಸಿ ಮಾಡಿದರೆ ಪ್ರೋಟೀನೇ ಹಾಳಾಗುತ್ತದೆ, ಹಾಗಾಗಿ ಕ್ಯಾಪ್ರಿಲೇಟ್ ತರಹದ ರಕ್ಷಕಗಳನ್ನು ಸೇರಿಸುತ್ತಾರೆ. ಎಚ್‌ಐವಿ ಬಂದ ಮೇಲೆ ದಾನಿಗಳ ತಪಾಸಣೆ ಬಿಗಿಯಾಯಿತು. ನಮ್ಮಲ್ಲಂತೂ ದುಡ್ಡಿಗೆ ರಕ್ತ ಮಾರುವವರೇ ಒಂದು ವರ್ಗವಾಗಿದ್ದರು. 1996ರ ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ಅದು ನಿಂತಿತು, ಕಾನೂನಿನಲ್ಲಾದರೂ.

ಇಲ್ಲಿಯೇ ದಾರಿ ಎರಡಾಗುತ್ತದೆ. ಆಲ್ಬುಮಿನ್ ಅಂದರೆ ಕಾಸರಗೋಡು–ಮಂಗಳೂರು ಬಸ್ಸಿದ್ದಂತೆ, ಕೊಬ್ಬಿನಾಮ್ಲ, ಹಾರ್ಮೋನು, ಔಷಧಿ ಎಲ್ಲ ಅದರಲ್ಲಿ ಕೂತು ರಕ್ತದಲ್ಲಿ ಸಾಗುತ್ತವೆ. ಆಸ್ಪತ್ರೆಯ ಆಲ್ಬುಮಿನ್‌ನಲ್ಲಿ ಕ್ಯಾಪ್ರಿಲೇಟ್ ಮೊದಲೇ ಟವೆಲ್ ಹಾಕಿ ಸೀಟು ಹಿಡಿದಿರುತ್ತದೆ. ರೋಗಿಗೆ ಅದರಿಂದ ತೊಂದರೆಯಿಲ್ಲ. ಆದರೆ ನೋವಿನ ಔಷಧಿ ಐಬುಪ್ರೊಫೆನ್ ಎಷ್ಟು ಗಟ್ಟಿಯಾಗಿ ಕೂರುತ್ತದೆ ಅಂತ ಅಳೆಯಬೇಕಾದ ಸಂಶೋಧಕರಿಗೆ ಆ ಲೆಕ್ಕವೇ ತಪ್ಪುತ್ತದೆ, ಯಾಕೆಂದರೆ ಎರಡಕ್ಕೂ ಬೇಕಾದದ್ದು ಒಂದೇ ಜಾಗ. ಹಾಗಾಗಿ ಅವರಿಗೆ ರಕ್ಷಕವಿಲ್ಲದ, ಕೊಬ್ಬಿನಾಮ್ಲವನ್ನೂ ತೆಗೆದ ಆಲ್ಬುಮಿನ್ ಬೇಕು. ಚುಚ್ಚುಮದ್ದಿಗೆ ಬೇಕಾದ ಪರೀಕ್ಷೆಗಳೂ ಅದಕ್ಕೆ ಆಗಿರುವುದಿಲ್ಲ. ತಪಾಸಣೆಯಾದ ದಾನಿಗಳದ್ದೇ ಆದರೂ ಗ್ಲೌಸ್ ಹಾಕಿಯೇ ಮುಟ್ಟಬೇಕು.

ಅಳೆಯುವ ಉಪಾಯ ಚೆನ್ನಾಗಿದೆ. ಮನುಷ್ಯರ ಆಲ್ಬುಮಿನ್‌ನ 585 ಅಮೈನೋ ಆಮ್ಲಗಳಲ್ಲಿ ಟ್ರಿಪ್ಟೊಫಾನ್ ಒಂದೇ ಒಂದು, 214ನೇ ಜಾಗದಲ್ಲಿ. ಅತಿನೇರಳೆ ಬೆಳಕು ಬಿಟ್ಟರೆ ಅದು ಹೊಳೆಯುತ್ತದೆ. ಹತ್ತಿರ ಏನಾದರೂ ಬಂದು ಅಂಟಿಕೊಂಡರೆ ಹೊಳಪು ಸಾಮಾನ್ಯವಾಗಿ ಇಳಿಯುತ್ತದೆ.

ಇದು ನಮಗೆ ದೂರದ ಮಾತಲ್ಲ. ಎಣ್ಮಕಜೆಯ ಪಡ್ರೆ ಕಡೆಯ ಗೇರುತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದರು, 2001ರಲ್ಲಿ ಅಲ್ಲಿನ ಜನರ ರಕ್ತದಲ್ಲಿ ಅದು ಸಿಕ್ಕಿದೆ ಅಂತ ವರದಿ ಬಂತು, ಆಮೇಲೆ ವರ್ಷಗಟ್ಟಲೆ ವಾದ ನಡೆಯಿತು. ನೀರಿನಲ್ಲಿ ಸರಿಯಾಗಿ ಕರಗದ ಇಂಥ ವಸ್ತುಗಳು ರಕ್ತದಲ್ಲಿ ಆಲ್ಬುಮಿನ್‌ಗೋ ಕೊಬ್ಬಿನ ಕಣಗಳಿಗೋ ಅಂಟಿಕೊಂಡೇ ಓಡಾಡುತ್ತವೆ. ಎಷ್ಟು ಅಂಟಿದೆ, ಎಷ್ಟು ಬಿಡಿಯಾಗಿದೆ ಅನ್ನುವುದನ್ನು ಊಹೆಯಿಂದ ಹೇಳಲಾಗದು, ಇಂಥದೇ ಶೀಶೆಯ ಪುಡಿ ಕರಗಿಸಿ ನೋಡಬೇಕು.