ನೆನಪಿನ ಶಕ್ತಿಗೆ ಮಾತ್ರೆ ಕೇಳುವವರಿಗೆ

‘ಡಾಕ್ಟರೇ, ಇತ್ತೀಚೆಗೆ ಮರೆವು ಜಾಸ್ತಿಯಾಗಿದೆ, ನೆನಪಿನ ಶಕ್ತಿಗೆ ಏನಾದರೂ ಮಾತ್ರೆ ಬರೆದುಕೊಡಿ.’ ನರರೋಗ ತಜ್ಞನಾಗಿ ನಾನು ಅತಿ ಹೆಚ್ಚು ಕೇಳುವ ಕೋರಿಕೆಗಳಲ್ಲಿ ಇದೂ ಒಂದು. ಹೀಗೆ ಕೇಳುವವರಲ್ಲಿ ಬಹಳಷ್ಟು ಮಂದಿ ಐವತ್ತರ ಆಸುಪಾಸಿನವರು. ಪರೀಕ್ಷಿಸಿ ನೋಡಿದರೆ ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆಯೇನೂ ಇರುವುದಿಲ್ಲ. ಚೀಟಿಯಲ್ಲಿ ‘ವಾರಕ್ಕೆ 150 ನಿಮಿಷ ಬಿರುಸು ನಡಿಗೆ’ ಎಂದು ಬರೆದುಕೊಟ್ಟರೆ ಮುಖ ಸಪ್ಪಗಾಗುತ್ತದೆ. ನಡಿಗೆಯಿಂದ ಹೃದಯಕ್ಕೆ, ಮಧುಮೇಹಕ್ಕೆ ಒಳ್ಳೆಯದೆಂದರೆ ಎಲ್ಲರೂ ತಲೆಯಾಡಿಸುತ್ತಾರೆ. ಕಾಲಿಗೆ ಕೆಲಸ ಕೊಟ್ಟರೆ ನೆನಪಿಗೇನು ಲಾಭ ಎಂಬುದು ಅವರ ಅನುಮಾನ. ಅನುಮಾನ ಸಹಜವಾದದ್ದು. ಅದಕ್ಕೆ ಸರಿಯಾದ ಉತ್ತರ ಸಿಕ್ಕರೆ ನಡೆಯುವ ಮನಸ್ಸೂ ಬರುತ್ತದೆ ಎಂಬುದು ನನ್ನ ಅನುಭವ.

ತಪಾಸಣೆಯ ನಡುವೆ ನಾವು ಒಂದು ಸಣ್ಣ ಪರೀಕ್ಷೆ ಮಾಡುತ್ತೇವೆ. ‘ನದಿ, ಕುರ್ಚಿ, ಹೂವು’ ಎಂಬಂಥ ಸಂಬಂಧವಿಲ್ಲದ ಮೂರು ಪದಗಳನ್ನು ಹೇಳಿ, ಕೂಡಲೇ ಮರಳಿ ಹೇಳಿಸುತ್ತೇವೆ. ಇದನ್ನು ಬಹುತೇಕ ಎಲ್ಲರೂ ಹೇಳುತ್ತಾರೆ. ಆಮೇಲೆ ನೂರರಿಂದ ಏಳೇಳು ಕಳೆಯುತ್ತಾ ಹೋಗಲು ಹೇಳುತ್ತೇವೆ: 93, 86, 79... ಮನಸ್ಸು ಲೆಕ್ಕದಲ್ಲಿ ಮುಳುಗಿರುವಾಗ ಆ ಪದಗಳನ್ನು ಒಳಗೊಳಗೇ ಜಪಿಸುತ್ತಿರಲು ಆಗುವುದಿಲ್ಲ. ಐದು ನಿಮಿಷದ ನಂತರ ‘ಆಗ ಹೇಳಿದ ಪದಗಳು ಯಾವುವು?’ ಎಂದು ಕೇಳಿದಾಗಲೇ ನಿಜವಾದ ಪರೀಕ್ಷೆ. ಪದ ತಲೆಯೊಳಗೆ ಹೋಗಿ ನೆಲೆಯೂರಿದ್ದರೆ ಮಾತ್ರ ಹೊರಬರುತ್ತದೆ. ಹಾಗೆ ನೆಲೆಯೂರಿಸುವ ಕೆಲಸ ಮುಖ್ಯವಾಗಿ ಹಿಪ್ಪೊಕ್ಯಾಂಪಸ್‌ನದು. ಕಿವಿಯ ಮಟ್ಟದಲ್ಲಿ, ಮಿದುಳಿನ ಎರಡೂ ಪಕ್ಕಗಳ ಒಳಮಗ್ಗುಲಲ್ಲಿ ಇರುವ ಪುಟ್ಟ ಭಾಗವಿದು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ ಯುವಕನ ಅಪಸ್ಮಾರ ಗುಣಪಡಿಸಲು ಎರಡೂ ಬದಿಯ ಹಿಪ್ಪೊಕ್ಯಾಂಪಸ್‌ನ ಬಹುಭಾಗವನ್ನು ತೆಗೆದುಹಾಕಿದರು. ಆತನ ಬುದ್ಧಿ, ಮಾತು, ಬಾಲ್ಯದ ನೆನಪುಗಳು ಉಳಿದವು; ಆದರೆ ಆ ಬಳಿಕ ಭೇಟಿಯಾದವರ ಮುಖ ಕೆಲವು ನಿಮಿಷಗಳಾಚೆ ಉಳಿಯಲಿಲ್ಲ. ಐವತ್ತೈದು ವರ್ಷ ಆತ ಹಾಗೆಯೇ ಬದುಕಿದ.

ವಯಸ್ಸು ಸಂಜೆಗೆ ಸರಿದಂತೆ ಈ ಭಾಗ ವರ್ಷಕ್ಕೆ ಸುಮಾರು ಶೇ 1ರಿಂದ 2ರಷ್ಟು ಕುಗ್ಗುತ್ತದೆ. ನೆನಪನ್ನು ಕ್ರಮೇಣ ಅಳಿಸುವ ಅಲ್ಜೈಮರ್ಸ್ ಕಾಯಿಲೆ ಮೊದಲು ದಾಳಿ ಮಾಡುವುದೂ ಹೆಚ್ಚಾಗಿ ಇದರ ಸುತ್ತಮುತ್ತಲೇ. ಈ ಕುಗ್ಗುವಿಕೆ ತಡೆಯಲಾಗದ ವಿಧಿ ಎಂದು ಬಹುಕಾಲ ನಂಬಿದ್ದೆವು. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ಆ ನಂಬಿಕೆಯನ್ನು ಅಲುಗಾಡಿಸಿತು. 55ರಿಂದ 80 ವರ್ಷದ, ಡಿಮೆನ್ಷಿಯಾ (ನಿತ್ಯದ ಬದುಕಿಗೆ ಅಡ್ಡಿಯಾಗುವಷ್ಟು ನೆನಪು, ಬುದ್ಧಿ ಕುಂದುವ ಸ್ಥಿತಿ) ಇಲ್ಲದ, ಹೆಚ್ಚು ಓಡಾಡದ 120 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ವಾರಕ್ಕೆ ಮೂರು ದಿನ ನಡೆಯಿತು: ಮೊದಲು ಹತ್ತೇ ನಿಮಿಷ, ವಾರಕ್ಕೆ ಐದೈದು ನಿಮಿಷ ಏರಿಸಿಕೊಂಡು ಏಳನೇ ವಾರಕ್ಕೆ ನಲವತ್ತು ನಿಮಿಷ. ಇನ್ನೊಂದು ಗುಂಪು ಮೈ ಸಡಿಲಿಸುವ ಹಗುರ ವ್ಯಾಯಾಮಗಳನ್ನಷ್ಟೇ ಮಾಡಿತು. ವರ್ಷದ ಕೊನೆಗೆ ಎಂಆರ್‌ಐ ಮಾಡಿದಾಗ ಹಗುರ ವ್ಯಾಯಾಮದವರ ಹಿಪ್ಪೊಕ್ಯಾಂಪಸ್ ಸುಮಾರು ಶೇ 1.4ರಷ್ಟು ಕುಗ್ಗಿತ್ತು, ನಡೆದವರದು ಸುಮಾರು ಶೇ 2ರಷ್ಟು ಹಿಗ್ಗಿತ್ತು. ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ನೆನಪಿನ ಪರೀಕ್ಷೆಯಲ್ಲಿ ಎರಡೂ ಗುಂಪುಗಳು ಸುಧಾರಿಸಿದ್ದವು. ಆದರೆ ನಡೆದವರ ಗುಂಪಿನೊಳಗೆ ಯಾರ ಹಿಪ್ಪೊಕ್ಯಾಂಪಸ್ ಹೆಚ್ಚು ಹಿಗ್ಗಿತ್ತೋ ಅವರ ನೆನಪೂ ಹೆಚ್ಚು ಚುರುಕಾಗಿತ್ತು.

ಹಾಗಾದರೆ ಕಾಲಿನ ಶ್ರಮ ತಲೆಯನ್ನು ತಲುಪುವುದು ಹೇಗೆ? ದೇಹದ ತೂಕದಲ್ಲಿ ಮಿದುಳಿನ ಪಾಲು ಕೇವಲ ಶೇ 2. ಸುಮ್ಮನೆ ಕುಳಿತಿದ್ದರೂ ಅದು ಬಳಸುವ ಆಮ್ಲಜನಕ ಸುಮಾರು ಶೇ 20. ಇಷ್ಟು ಹಸಿವಿರುವ ಅಂಗಕ್ಕೆ ರಕ್ತನಾಳಗಳ ಆರೋಗ್ಯವೇ ಆಧಾರ. ನಿತ್ಯದ ವ್ಯಾಯಾಮ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ಹತೋಟಿಯಲ್ಲಿಟ್ಟು, ಮಿದುಳಿನ ಸೂಕ್ಷ್ಮ ನಾಳಗಳು ಗಟ್ಟಿಕಟ್ಟಿಕೊಳ್ಳದಂತೆ ಕಾಯುತ್ತದೆ. ಸದ್ದಿಲ್ಲದೆ ಆಗುವ ಚಿಕ್ಕಚಿಕ್ಕ ಪಾರ್ಶ್ವವಾಯುಗಳು ನೆನಪನ್ನು ಹೇಗೆ ತಿಂದುಹಾಕುತ್ತವೆ ಎಂಬುದನ್ನು ಸ್ಕ್ಯಾನ್‌ಗಳಲ್ಲಿ ಕಾಣುವ ನನಗೆ ಎಲ್ಲಕ್ಕಿಂತ ದೊಡ್ಡ ಲಾಭವಾಗಿ ತೋರುವುದು ಇದೇ. ಎರಡನೆಯದು ಬಿಡಿಎನ್‌ಎಫ್ ಎಂಬ ಪ್ರೋಟೀನು. ನರಕೋಶಗಳು ಬದುಕಿ ಉಳಿಯಲು, ತಮ್ಮತಮ್ಮೊಳಗಿನ ಕೊಂಡಿಗಳನ್ನು ಬಲಪಡಿಸಿಕೊಳ್ಳಲು ಇದು ಬೇಕು. ಶ್ರಮಪಟ್ಟ ಸ್ನಾಯುಗಳಿಂದ ಹೊರಟ ಲ್ಯಾಕ್ಟೇಟ್ ಎಂಬ ರಾಸಾಯನಿಕ ರಕ್ತದ ಮೂಲಕ ಮಿದುಳಿಗೆ ಸೇರುತ್ತದೆ. ಬಿಡಿಎನ್‌ಎಫ್ ತಯಾರಿಕೆಗೆ ಪ್ರಚೋದನೆ ಕೊಡುವ ಸಂಕೇತಗಳಲ್ಲಿ ಇದೂ ಒಂದೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳು ತೋರಿಸಿವೆ. ಚಕ್ರದಲ್ಲಿ ಓಡಿದ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳು ಹೆಚ್ಚಾಗಿ ಹುಟ್ಟುತ್ತವೆ ಎಂಬುದು 1999ರಲ್ಲೇ ಕಂಡುಬಂದಿತ್ತು. ವಯಸ್ಕ ಮನುಷ್ಯರಲ್ಲಿ ಹೊಸ ನರಕೋಶ ಎಷ್ಟರಮಟ್ಟಿಗೆ ಹುಟ್ಟುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇನ್ನೂ ಜಗಳವಿದೆ. ಆದ್ದರಿಂದ ‘ನಡೆದರೆ ಹೊಸ ಮಿದುಳು ಬೆಳೆಯುತ್ತದೆ’ ಎಂದು ಯಾರಾದರೂ ಮೊಬೈಲ್‌ನಲ್ಲಿ ಸಂದೇಶ ಕಳಿಸಿದರೆ ಹಾಗೆಯೇ ನಂಬಬೇಡಿ.

ಇನ್ನೊಂದು ಅತಿರೇಕವೂ ಇದೆ. ಡಿಮೆನ್ಷಿಯಾ ಆಗಲೇ ಕಾಣಿಸಿಕೊಂಡ ಮೇಲೆ ಕಠಿಣ ವ್ಯಾಯಾಮ ಮಾಡಿಸಿದರೆ ನೆನಪು ಮರಳುತ್ತದೆ ಎಂಬ ಆಸೆ. ಬ್ರಿಟನ್ನಿನಲ್ಲಿ ಸೌಮ್ಯ ಹಾಗೂ ಮಧ್ಯಮ ಹಂತದ ಡಿಮೆನ್ಷಿಯಾ ಇದ್ದ ಸುಮಾರು 500 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ವ್ಯಾಯಾಮ ಮಾಡಿದವರ ದೈಹಿಕ ಕ್ಷಮತೆ ಹೆಚ್ಚಿತು. ಆದರೆ ಮರೆವಿನ ಓಟ ನಿಧಾನವಾಗಲಿಲ್ಲ. ಇದನ್ನು ಮನೆಯವರಿಗೆ ಹೇಳುವುದು ನನಗೆ ಸುಲಭವಲ್ಲ, ಆದರೂ ಹೇಳುತ್ತೇನೆ. ಸುಳ್ಳು ಭರವಸೆಯಿಂದ ತಂದೆಯನ್ನು ಸುಸ್ತಾಗುವಷ್ಟು ನಡೆಸಿ, ‘ಇಷ್ಟು ಮಾಡಿದರೂ ನೆನಪು ಬರಲಿಲ್ಲವಲ್ಲ’ ಎಂದು ಕೊರಗುವ ಮಕ್ಕಳನ್ನು ನೋಡಿದ್ದೇನೆ.

ಹಾಗಾಗಿಯೇ ನಲವತ್ತು, ಐವತ್ತರವರ ಬೆನ್ನು ಹತ್ತುತ್ತೇನೆ. ಕಾಯಿಲೆಯ ಬೀಜ ಮಿದುಳಿನಲ್ಲಿ ಬೀಳುವುದು ಲಕ್ಷಣ ತೋರುವ ಹತ್ತಿಪ್ಪತ್ತು ವರ್ಷ ಮೊದಲೇ. ಡಿಮೆನ್ಷಿಯಾ ಕುರಿತ, ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರ ವರದಿಯಲ್ಲಿ ಬದಲಾಯಿಸಿಕೊಳ್ಳಬಹುದಾದ 14 ಅಪಾಯಗಳನ್ನು ಪಟ್ಟಿ ಮಾಡಿ, ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇ 45ರಷ್ಟು ಪ್ರಕರಣಗಳನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಾಗಬಹುದು ಎಂದಿತು. ದೈಹಿಕ ಚಟುವಟಿಕೆ ಇಲ್ಲದಿರುವುದು ಆ ಪಟ್ಟಿಯಲ್ಲಿದೆ. ಅಷ್ಟೇ ಅಲ್ಲ, ಅಧಿಕ ರಕ್ತದೊತ್ತಡ, ಮಧುಮೇಹ, ಬೊಜ್ಜು, ಖಿನ್ನತೆಗಳೂ ಅದರಲ್ಲಿವೆ. ವ್ಯಾಯಾಮದ ಕೈ ಇವೆಲ್ಲಕ್ಕೂ ನಿಲುಕುತ್ತದೆ. ಪದಬಂಧ ಬಿಡಿಸುವುದು ಬೇಡವೆನ್ನುವುದಿಲ್ಲ. ಆದರೆ ಪದಬಂಧಕ್ಕೆ ಕುಳಿತು ನಡಿಗೆ ತಪ್ಪಿಸುವವರನ್ನು ಕಂಡರೆ ಸಂಕಟವಾಗುತ್ತದೆ.

ಎಷ್ಟು ಮಾಡಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ವೇಗ ಅಳೆಯಲು ಯಂತ್ರ ಬೇಡ: ನಡೆಯುವಾಗ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡು ಸಲೀಸಾಗಿ ಬರುತ್ತಿದ್ದರೆ ಹೆಜ್ಜೆ ಬಿರುಸಾಗಲಿ. ಅಭ್ಯಾಸವೇ ಇಲ್ಲದವರು ಅಮೆರಿಕದ ಆ ಅಧ್ಯಯನದಲ್ಲಿ ನಡೆದವರಂತೆ ಹತ್ತು ನಿಮಿಷದಿಂದ ಆರಂಭಿಸಿ. ಎದೆನೋವು, ಏದುಸಿರು, ತಲೆಸುತ್ತು ಇರುವವರು ಮೊದಲು ವೈದ್ಯರನ್ನು ಕಾಣಬೇಕು.

ಡಿಮೆನ್ಷಿಯಾ ಇರುವವರನ್ನೂ ಕುರ್ಚಿಗೆ ಅಂಟಿಸಬೇಡಿ. ನೆನಪಿಗಾಗಿ ಅಲ್ಲದಿದ್ದರೂ ಕಾಲಿನ ಬಲ, ಸಮತೋಲನ, ತಾವಾಗಿಯೇ ಎದ್ದು ಓಡಾಡುವ ಶಕ್ತಿ ಉಳಿಯಲು ಅವರಿಗೆ ನಡಿಗೆ ಬೇಕು. ದಿನವೂ ಅದೇ ಹೊತ್ತು, ಅದೇ ದಾರಿ ಇರಲಿ. ಪಕ್ಕದಲ್ಲಿ ಒಬ್ಬರು ಇರಲಿ. ಜೇಬಿನಲ್ಲಿ ಮನೆಯ ದೂರವಾಣಿ ಸಂಖ್ಯೆ ಬರೆದ ಚೀಟಿ ಇರಲಿ.