ಸೆಕೆ ಏರಿದರೆ ಸೇಡೂ ಏರುತ್ತದೆಯೇ?

2018ರ ಏಪ್ರಿಲ್ 11ರ ರಾತ್ರಿ. ಬಾಸ್ಟನ್‌ನ ಫೆನ್‌ವೇ ಪಾರ್ಕ್‌ನಲ್ಲಿ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ನಡುವೆ ಬೇಸ್‌ಬಾಲ್ ಪಂದ್ಯ. ಈ ಎರಡು ತಂಡಗಳ ಪೈಪೋಟಿ ಬಹಳ ಹಳೆಯದು. ಮೂರನೇ ಇನಿಂಗ್ಸ್‌ನಲ್ಲಿ ಯಾಂಕೀಸ್‌ನ ಟೈಲರ್ ಆಸ್ಟಿನ್ ಎರಡನೇ ಬೇಸ್‌ಗೆ (ಓಡುವ ಆಟಗಾರ ಮುಟ್ಟಬೇಕಾದ ಗುರುತಿಗೆ) ಜಾರಿಕೊಂಡು ಬಂದರು. ಅವರ ಶೂ ಮೊಳೆ ರೆಡ್ ಸಾಕ್ಸ್‌ನ ಬ್ರಾಕ್ ಹೋಲ್ಟ್ ಕಾಲಿಗೆ ತಗುಲಿತು. ಮಾತಿಗೆ ಮಾತು ಬೆಳೆದು ಎರಡೂ ಕಡೆಯವರು ಮೈದಾನಕ್ಕೆ ಇಳಿದರು. ಆಗ ಯಾರನ್ನೂ ಹೊರಗೆ ಕಳಿಸಲಿಲ್ಲ.

ಆದರೆ ಲೆಕ್ಕ ಬಾಕಿ ಇತ್ತು. ಏಳನೇ ಇನಿಂಗ್ಸ್‌ನಲ್ಲಿ ರೆಡ್ ಸಾಕ್ಸ್‌ನ ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವ ಆಟಗಾರ) ಜೋ ಕೆಲ್ಲಿ ಎಸೆದ ಚೆಂಡು ಆಸ್ಟಿನ್ ಮೈಗೇ ಬಡಿಯಿತು. ಆಸ್ಟಿನ್ ಬ್ಯಾಟನ್ನು ನೆಲಕ್ಕೆ ಅಪ್ಪಳಿಸಿ ಕೆಲ್ಲಿಯತ್ತ ನುಗ್ಗಿದರು. ದೊಡ್ಡ ಜಗಳವೇ ಆಯಿತು. ಇಬ್ಬರನ್ನೂ ಅಂಪೈರ್‌ಗಳು ಹೊರಗೆ ಹಾಕಿದರು. ಆಮೇಲೆ ಕೆಲ್ಲಿಗೆ 6 ಪಂದ್ಯ, ಆಸ್ಟಿನ್‌ಗೆ 5 ಪಂದ್ಯಗಳ ನಿಷೇಧ ಬಿತ್ತು.

ಇದು ಹುಡುಗಾಟವಲ್ಲ. ಪಿಚರ್ ನಿಲ್ಲುವ ಜಾಗಕ್ಕೂ ಬ್ಯಾಟರ್‌ಗೂ ನಡುವೆ ಇರುವುದು ಸುಮಾರು 18.4 ಮೀಟರ್. ಗಂಟೆಗೆ 155 ಕಿ.ಮೀ. ವೇಗದ ಚೆಂಡು ಅದನ್ನು 0.4 ಸೆಕೆಂಡಿನಲ್ಲಿ ದಾಟುತ್ತದೆ. ಕ್ರಿಕೆಟ್‌ನಂತೆ ನೆಲಕ್ಕೆ ತಾಗಿ ವೇಗ ಕಳೆದುಕೊಳ್ಳುವುದೂ ಇಲ್ಲ. 1920ರ ಆಗಸ್ಟ್‌ನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಆಟಗಾರ ರೇ ಚಾಪ್‌ಮನ್ ತಲೆಗೆ ಇಂಥದ್ದೇ ಒಂದು ಚೆಂಡು ಬಡಿಯಿತು. ಆಗ ಹೆಲ್ಮೆಟ್ ಇರಲಿಲ್ಲ. ಮಾರನೇ ದಿನ ಅವರು ತೀರಿಕೊಂಡರು.

ಹಾಗಾದರೆ ಗೊತ್ತಿದ್ದೂ ಮೈಗೆ ಎಸೆಯುವ ಸಿಟ್ಟು ಎಲ್ಲಿಂದ ಬರುತ್ತದೆ? 2011ರಲ್ಲಿ ಸಂಶೋಧಕ ರಿಚರ್ಡ್ ಲ್ಯಾರಿಕ್ ಮತ್ತು ಜೊತೆಗಾರರು ಇದನ್ನು ಅಂಕಿಗಳಲ್ಲಿ ಹುಡುಕಿದರು. 1952ರಿಂದ 2009ರವರೆಗಿನ 57,000ಕ್ಕೂ ಹೆಚ್ಚು ಪಂದ್ಯಗಳ ದಾಖಲೆಯನ್ನು ಅಂದಂದಿನ ಉಷ್ಣಾಂಶದ ಜೊತೆ ಇಟ್ಟು ನೋಡಿದರು. ಸೆಕೆ ಜಾಸ್ತಿಯಾದಷ್ಟೂ ಬ್ಯಾಟರ್‌ಗಳಿಗೆ ಪೆಟ್ಟು ಜಾಸ್ತಿ ಎಂಬುದು ಮೊದಲೇ ಗೊತ್ತಿತ್ತು. ಬೆವರಿಗೆ ಕೈ ಜಾರುತ್ತದೆ, ಅಷ್ಟೇ ಅಲ್ವಾ ಎಂದು ನೀವು ಕೇಳಬಹುದು. ಅದಕ್ಕೇ ಅವರು ಗುರಿ ತಪ್ಪಿದ ಬೇರೆ ಎಸೆತಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. ಆದರೂ ಸೆಕೆಯ ಪ್ರಭಾವ ಉಳಿಯಿತು.

ನನಗೆ ತುಂಬಾ ಮುಖ್ಯ ಅನಿಸಿದ್ದು ಮುಂದಿನ ಮಾತು. ತನ್ನ ತಂಡದ ಯಾರಿಗೂ ಪೆಟ್ಟು ಬೀಳದಿದ್ದಾಗ, ಸೆಕೆಯಿಂದ ಪಿಚರ್‌ನಲ್ಲಿ ಹೆಚ್ಚೇನೂ ಬದಲಾವಣೆ ಕಾಣಲಿಲ್ಲ. ಮೊದಲ ಇನಿಂಗ್ಸ್‌ನಲ್ಲೇ ತನ್ನವರೊಬ್ಬರಿಗೆ ಪೆಟ್ಟು ಬಿದ್ದಿದ್ದರೆ ಕಥೆ ಬೇರೆ. ಸುಮಾರು 13 ಡಿಗ್ರಿ ಸೆಲ್ಸಿಯಸ್ ಇದ್ದ ದಿನ ಆತ ಎದುರಾಳಿ ಬ್ಯಾಟರ್‌ಗೆ ಚೆಂಡಿನಿಂದ ಹೊಡೆಯುವ ಸಾಧ್ಯತೆ ಶೇ. 22. ಅದೇ 35 ಡಿಗ್ರಿಯಲ್ಲಿ ಶೇ. 27. ಸೆಕೆ ಸುಮ್ನೆ ಜಗಳ ಹುಟ್ಟಿಸುವುದಿಲ್ಲ, ಆಗಲೇ ಆಗಿರುವ ನೋವನ್ನು ಸೇಡಿನ ಕಡೆಗೆ ತಳ್ಳುತ್ತದೆ. ಮೈ ಬೆಂದಾಗ ಎದುರಿನವನ ತಪ್ಪು ಬೇಕಂತಲೇ ಮಾಡಿದಂತೆ ಕಾಣುತ್ತದೆ ಎನ್ನುವುದು ಇದಕ್ಕೆ ಮನಶ್ಶಾಸ್ತ್ರಜ್ಞರು ಕೊಡುವ ಒಂದು ವಿವರಣೆ.

ಬಾಸ್ಟನ್‌ನಲ್ಲಿ ಆ ಏಪ್ರಿಲ್ ರಾತ್ರಿ ಸೆಕೆಯೇ ಇರಲಿಲ್ಲ. ಆದರೂ ಸೇಡು ತಪ್ಪಲಿಲ್ಲ, ಯಾಕೆಂದರೆ ಹೋಲ್ಟ್ ಕಾಲಿಗೆ ಆದ ಪೆಟ್ಟನ್ನು ಯಾರೂ ಮರೆತಿರಲಿಲ್ಲ. ಬೇಸ್‌ಬಾಲ್ ನಿಯಮದ ಪ್ರಕಾರ ಅಂಪೈರ್ ಎರಡೂ ತಂಡಗಳಿಗೆ ಎಚ್ಚರಿಕೆ ಕೊಡಬಹುದು. ಆಮೇಲೆ ಬೇಕಂತಲೇ ಮೈಗೆ ಎಸೆದರೆ ಪಿಚರ್ ಜೊತೆ ಮ್ಯಾನೇಜರ್ (ತಂಡದ ಮುಖ್ಯ ಕೋಚ್) ಕೂಡ ಹೊರಗೆ. ಉರಿಬಿಸಿಲಿನ ಮಧ್ಯಾಹ್ನ, ಮೊದಲ ಪೆಟ್ಟು ಬಿದ್ದ ಕೂಡಲೇ ಒಬ್ಬ ಅಂಪೈರ್ ಆ ಎಚ್ಚರಿಕೆ ಕೊಟ್ಟರೆ, ಅವರು ಅತಿ ಮಾಡಿದರು ಎಂದು ನನಗೆ ಅನಿಸುವುದಿಲ್ಲ.