ಏಪ್ರಿಲ್ 15ರ ಗೆರೆಯ ಆಚೆ ಈಚೆ

ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳಲ್ಲಿ ವಾಯವ್ಯ ಮೂಲೆಯ ಸೂ ಕೌಂಟಿ ಹಂದಿ ಮತ್ತು ಮಾಂಸದ ದನಗಳ ಸಾಕಣೆಗೆ ಹೆಸರಾದದ್ದು. ವಿಸ್ತಾರದಲ್ಲಿ ಅದು ನಮ್ಮ ಕಡೆಯ ದೊಡ್ಡ ತಾಲ್ಲೂಕಿನಷ್ಟಿದೆ. ಇಂಥ ಕೌಂಟಿಗಳ ರೈತರ ತೆರಿಗೆ ಲೆಕ್ಕ ನೋಡುವ ನನಗೆ ಕೋವಿಡ್ ಪರಿಹಾರದ ಬಗ್ಗೆ ಇಂದಿಗೂ ಹೆಚ್ಚಾಗಿ ಬರುವ ಪ್ರಶ್ನೆ ಒಂದೇ: ಬೇಲಿಯಾಚೆಯವನಿಗೆ ಅಷ್ಟು ಬಂದು ನನಗೇಕೆ ಇಷ್ಟೇ ಬಂತು?

ಅಮೆರಿಕದ ಕೇಂದ್ರ ಕೃಷಿ ಇಲಾಖೆ 2020ರ ಏಪ್ರಿಲ್ 17ರಂದು ಘೋಷಿಸಿದ ಕೋವಿಡ್ ಪರಿಹಾರ ಯೋಜನೆಯಲ್ಲಿ ರೈತರಿಗೆ ನೇರವಾಗಿ ಪಾವತಿಸಲು 1,600 ಕೋಟಿ ಡಾಲರ್ ಇತ್ತು. ಅದು ಎರಡು ಬೇರೆ ಬೇರೆ ಚೀಲಗಳಿಂದ ಬಂದ ಹಣ ಎಂಬುದನ್ನು ಹಿಡಿದುಕೊಂಡರೆ ಉಳಿದದ್ದು ಅರ್ಥವಾಗುತ್ತದೆ. ಕೋವಿಡ್ ನೆರವಿಗೆಂದು ಸಂಸತ್ತು ಮಾಡಿದ ಕೇರ್ಸ್ ಕಾಯ್ದೆಯಿಂದ ಬಂದ 950 ಕೋಟಿ, ಏಪ್ರಿಲ್ 15ರವರೆಗಿನ ಬೆಲೆ ಕುಸಿತಕ್ಕೆ ಮೀಸಲು. ರೈತರಿಗೆ ನೆರವಿನ ಹಣ ಒದಗಿಸುವ ಇಲಾಖೆಯ ಸರಕು ಸಾಲ ನಿಗಮದ 650 ಕೋಟಿ, ಅದರ ನಂತರದ ಮಾರುಕಟ್ಟೆ ಅಡಚಣೆಗೆ. ಎರಡರ ದರಗಳೂ ಬೇರೆ.

ನೆರೆಹೊರೆಯ ಇಬ್ಬರ ಬಳಿ ಕೊಬ್ಬಿಸಿದ ನೂರು ನೂರು ದನಗಳಿದ್ದವು ಎನ್ನೋಣ. ಒಬ್ಬರು ಏಪ್ರಿಲ್ 14ರಂದು ಮಾರಿದರು; ತಲೆಗೆ 214 ಡಾಲರ್‌ನಂತೆ 21,400. ಇನ್ನೊಬ್ಬರು ಏಪ್ರಿಲ್ 20ರಂದು ಮಾರಿದರು. ಅವರಿಗೆ ಅನ್ವಯಿಸಿದ್ದು ಏಪ್ರಿಲ್ 16ರಿಂದ ಮೇ 14ರ ನಡುವೆ ಹಟ್ಟಿಯಲ್ಲಿದ್ದ ದನಗಳ ದರ, ತಲೆಗೆ 33 ಡಾಲರ್, ಒಟ್ಟು 3,300. ಮಾಂಸದ ಕಾರ್ಖಾನೆಗಳಲ್ಲಿ ಸೋಂಕು ಹರಡಿ ಅವು ಒಂದೊಂದಾಗಿ ಬಾಗಿಲು ಹಾಕಿದ್ದು, ಕೊಳ್ಳುವವರಿಲ್ಲದೆ ಪ್ರಾಣಿಗಳು ಹಟ್ಟಿಯಲ್ಲೇ ಉಳಿದದ್ದು ಬಹುಪಾಲು ಏಪ್ರಿಲ್ ಮಧ್ಯದ ನಂತರ. ಪೆಟ್ಟು ಜೋರಾಗಿ ಬಿದ್ದ ವಾರಗಳಿಗೇ ದರ ಕಡಿಮೆ. ಇದು ಕೌಂಟಿ ಕಚೇರಿಯ ಗುಮಾಸ್ತರ ಪಕ್ಷಪಾತವಲ್ಲ, ರೈತರೇ ಆರಿಸಿದ ಕೌಂಟಿ ಸಮಿತಿಯ ಕೈವಾಡವೂ ಅಲ್ಲ. ದರಪಟ್ಟಿ ವಾಷಿಂಗ್ಟನ್‌ನಿಂದಲೇ ಸಿದ್ಧವಾಗಿ ಬಂದಿತ್ತು. ಆದರೆ ಒಬ್ಬೊಬ್ಬ ರೈತನ ನಿಜವಾದ ನಷ್ಟವನ್ನು ಅಳೆಯದೆ ದಿನಾಂಕ ಮತ್ತು ತಲೆ ಎಣಿಕೆಯಿಂದ ಹಣ ಹಂಚಿದಾಗ ಇಂಥ ಏರುಪೇರು ಅನಿವಾರ್ಯವಾಗಿತ್ತು ಎಂಬುದು ನನ್ನ ಅಭಿಪ್ರಾಯ. ಬೇಗ ಕೊಡಬೇಕೆಂದರೆ ಹಾಗೆಯೇ ಕೊಡಬೇಕಿತ್ತು ಎಂಬ ವಾದವನ್ನೂ ನಾನು ತಳ್ಳಿಹಾಕುವುದಿಲ್ಲ.

ಈ ಅಂತರವನ್ನು ಆಮೇಲೆ ತೇಪೆ ಹಾಕಿ ತುಂಬಲಾಯಿತು. ಸೆಪ್ಟೆಂಬರ್ 2020ರ ಎರಡನೆಯ ಸುತ್ತಿನಲ್ಲಿ ದನಕ್ಕೆ 55 ಡಾಲರ್ ಸಿಕ್ಕಿತು. ಆ ವರ್ಷದ ಡಿಸೆಂಬರ್‌ನ ಕಾಯ್ದೆಯಂತೆ ಕೊಬ್ಬಿಸಿದ ದನಕ್ಕೆ ಇನ್ನೂ 63 ಡಾಲರ್, ಹೊಸ ಅರ್ಜಿಯಿಲ್ಲದೆ, 2021ರಲ್ಲಿ ಬಂತು. ನಮ್ಮ ಎರಡನೆಯ ರೈತರಿಗೆ ಎಲ್ಲ ಸೇರಿ 15,100 ಡಾಲರ್ ಆಯಿತು. ಮೊದಲನೆಯವರು ಹಟ್ಟಿಗೆ ಮತ್ತೆ ದನ ತುಂಬಿದ್ದರೆ ಅವುಗಳ ಲೆಕ್ಕ ಬೇರೆ.

ಅರ್ಜಿಯಲ್ಲಿ ರೈತ ತಾನೇ ಪ್ರಮಾಣೀಕರಿಸಿದ ಅಂಕಿಗಳಿದ್ದವು, ದಾಖಲೆ ಕೇಳಿದಾಗ ತೋರಿಸಿದರೆ ಸಾಕಿತ್ತು. ತೂಕದ ಚೀಟಿ, ಕಾರ್ಖಾನೆಯ ಪಾವತಿ ಪತ್ರ, ಪಶುವೈದ್ಯರ ಬಿಲ್ಲುಗಳನ್ನು ಎಸೆಯಬೇಡಿ ಎಂದು ನಾನು ಆಗ ಹೇಳಿದ್ದು ಕೆಲವರಿಗೆ ಅತಿಯೆನಿಸಿತ್ತು. ಮುಂದೆ ಆಯ್ದ ಅರ್ಜಿಗಳ ತಪಾಸಣೆ ಶುರುವಾದಾಗ ಆ ಕಾಗದಗಳೇ ಬೇಕಾದವು. ಒಬ್ಬರಿಗೆ ಎರಡೂವರೆ ಲಕ್ಷ ಡಾಲರ್ ಎಂಬ ಮಿತಿಯನ್ನು ಕಂಪನಿಯ ಹೆಸರಿನಲ್ಲಿ ಏಳೂವರೆ ಲಕ್ಷಕ್ಕೆ ಏರಿಸಿಕೊಂಡವರಂತೂ, ಮೂವರು ಸದಸ್ಯರು ತಲಾ 400 ಗಂಟೆ ದುಡಿದದ್ದಕ್ಕೆ ಅಥವಾ ಮೇಲ್ವಿಚಾರಣೆ ಮಾಡಿದ್ದಕ್ಕೆ ಪುರಾವೆ ಇಟ್ಟುಕೊಳ್ಳಬೇಕಿತ್ತು.

ಪರಿಹಾರವೆಂಬ ಹೆಸರಿದ್ದರೂ ಈ ಹಣ ತೆರಿಗೆಮುಕ್ತವಲ್ಲ. ಕೃಷಿ ಆದಾಯವೆಂದೇ ಲೆಕ್ಕ, ಸ್ವಂತ ದುಡಿಮೆಯವರು ಸಾಮಾಜಿಕ ಭದ್ರತೆಗೆಂದು ಕಟ್ಟುವ ಸ್ವಉದ್ಯೋಗ ತೆರಿಗೆಯೂ ಉಂಟು. ಮೊದಲ ಸುತ್ತಿನ ಹಣದಲ್ಲಿ ಮೊದಲು ಶೇ 80, ಬಾಕಿ ಆಗಸ್ಟ್‌ನಿಂದ ಎಂಬ ಕ್ರಮದಲ್ಲಿ ಮೊದಲ ರೈತರ 21,400 ಡಾಲರ್ ಇಡಿಯಾಗಿ 2020ರ ಆದಾಯಕ್ಕೇ ಸೇರಿತು. ಎರಡನೆಯವರ 6,300 ಡಾಲರ್ ಮಾತ್ರ 2021ರ ಲೆಕ್ಕಕ್ಕೆ ಹೋಯಿತು.